ದೋಣಿಗೆ ಮರ ಆರಿಸುವ ಮುನ್ನ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ಗಂಗೊಳ್ಳಿಯಲ್ಲಿ ಮರದ ದೋಣಿಯನ್ನೇ ಕಟ್ಟಿಸಲು ನಿಶ್ಚಯಿಸಿರುವೆ ಎಂದು ತಿಳಿದು ಸಂತೋಷವಾಯಿತು. ಮರದ ಬಗ್ಗೆ ಹಿರಿಯರು ಹೇಳುವ ಶಕುನಗಳನ್ನು ಎಷ್ಟು ನಂಬಬೇಕೆಂದು ಕೇಳಿರುವೆ. ಯಾವುದನ್ನೂ ಕೇಳಿದೊಡನೆ ನಂಬಬೇಡ, ಕೇಳಿದೊಡನೆ ತಳ್ಳಿಹಾಕಲೂ ಬೇಡ. ಮರದ ಮುಂದೆ ನಿಂತು, ಕಣ್ಣಿಟ್ಟು ಪರೀಕ್ಷಿಸು.

ಸಿಡಿಲು ಬಡಿದ, ಬುಡದಲ್ಲಿ ಹುತ್ತವೆದ್ದ, ಬಳ್ಳಿ ಸುತ್ತಿದ, ಹಕ್ಕಿಗಳು ನೆಲೆಸಿದ, ತಾನಾಗಿ ಒಣಗಿದ ಮರಗಳು ಅಶುಭವೆಂದು ಕಡಲಿಗರು ಹೇಳುತ್ತಾರೆ. ವರಾಹಮಿಹಿರನ ಬೃಹತ್ಸಂಹಿತೆಯೂ ಮನೆಗೆ, ವಿಗ್ರಹಕ್ಕೆ ಇಂಥ ಮರಗಳು ವರ್ಜ್ಯವೆನ್ನುತ್ತದೆ. ಇದನ್ನು ನೀನು ತಪ್ಪದೆ ಪಾಲಿಸಬೇಕು. ಸಿಡಿಲು ತಾಗಿದ ಮರದೊಳಗೆ ಹೊರಗೆ ಕಾಣದ ಸೀಳುಗಳಿರಬಹುದು. ಹುತ್ತವಿದ್ದಲ್ಲಿ ಗೆದ್ದಲಿನ ಭಯ. ಹಕ್ಕಿಯ ಪೊಟರೆಯೆಂದರೆ ತಿರುಳು ಕೊಳೆತಿರುವ ಗುರುತು. ಬಳ್ಳಿ ಬಿಗಿದ ಮರದ ನಾರು ತಿರುಚಿಕೊಂಡಿದ್ದರೆ ಹಲಗೆ ನೆಟ್ಟಗೆ ನಿಲ್ಲುವುದಿಲ್ಲ.

ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರು ಎಂಬ ಸಂಸ್ಕೃತ ಗ್ರಂಥ ಮರಗಳನ್ನು ನಾಲ್ಕು ವರ್ಣಗಳಾಗಿ ವಿಂಗಡಿಸಿ, ಹಗುರವೂ ಗಟ್ಟಿಯೂ ಆದ ಕ್ಷತ್ರಿಯ ಮರದ ನೌಕೆ ಸುಖಸಂಪತ್ತನ್ನು ತರುವುದೆಂದೂ ಎರಡು ಜಾತಿಯ ಮರ ಬೆರೆತರೆ ಒಳಿತಲ್ಲವೆಂದೂ ಹೇಳುತ್ತದೆ. ವರ್ಣದ ಹೆಸರನ್ನು ಬಿಟ್ಟುಬಿಡು, ಹಗುರ ಮತ್ತು ಗಟ್ಟಿತನವೆಂಬ ಅಳತೆಯನ್ನು ಮಾತ್ರ ಇಟ್ಟುಕೋ. ಒಂದೊಂದು ಮರವೂ ನೀರಿನಲ್ಲಿ ಒಂದೊಂದು ಪ್ರಮಾಣದಲ್ಲಿ ಉಬ್ಬುವುದರಿಂದ ಅಕ್ಕಪಕ್ಕದ ಹಲಗೆಗಳು ಒಂದೇ ಜಾತಿಯವಾಗಿರಲಿ. ಆದರೆ ಹಲಗೆಗೆ ಸಾಗುವಾನಿ, ಒಳಗಿನ ಪಕ್ಕೆಲುಬುಗಳಿಗೆ ಭಾರವಾದ ಮತ್ತಿ ಹಾಕುವುದರಲ್ಲಿ ಯಾವ ದೋಷವೂ ಇಲ್ಲ.

ಅದೇ ಗ್ರಂಥವು, ಸಮುದ್ರದಲ್ಲಿರುವ ಅಯಸ್ಕಾಂತದ ಬಂಡೆಗಳು ಸೆಳೆಯುತ್ತವೆಂದು, ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದೆನ್ನುತ್ತದೆ. ಅಂಥ ಬಂಡೆಗೆ ನೀನು ಹೆದರಬೇಕಾಗಿಲ್ಲ. ಉಪ್ಪುನೀರಿನ ತುಕ್ಕಿಗೆ ಮಾತ್ರ ಹೆದರು, ತಾಮ್ರದ ಮೊಳೆಯ ಖರ್ಚಿಗೆ ಹಿಂಜರಿಯಬೇಡ. ತೆಂಗಿನ ಹುರಿಯಿಂದ ಹೊಲಿದ ನೌಕೆಗಳು ಈ ಅರಬ್ಬೀ ಸಮುದ್ರದಲ್ಲಿ ಶತಮಾನಗಳ ಕಾಲ ಓಡಾಡಿದ್ದನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ.

ಅಮಾವಾಸ್ಯೆಯ ಹತ್ತಿರ ಕಡಿದ ಮರಕ್ಕೆ ಹುಳು ಬೀಳದೆಂಬ ನಂಬಿಕೆಯನ್ನು ಅನುಸರಿಸಿದರೆ ನಷ್ಟವೇನಿಲ್ಲ. ಆದರೆ ಆ ಧೈರ್ಯದಲ್ಲಿ ಹಸಿಮರವನ್ನು ಬಳಸಿದರೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವವರೆಗೆ ಮಾಡಿನಡಿ ಇರಿಸಿದ ದೋಣಿಯ ಹಲಗೆಗಳು ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಮುಹೂರ್ತಕ್ಕಾಗಿ ದೋಣಿ ಕಟ್ಟುವ ಆಚಾರಿಯನ್ನು ಅವಸರಪಡಿಸಬೇಡ.

ಅರಣ್ಯ ಇಲಾಖೆಯ ಡಿಪೋ ಹರಾಜಿಗೆ ಆಚಾರಿಯನ್ನೂ ಕರೆದುಕೊಂಡು ಹೋಗು. ದಿಮ್ಮಿಯ ತುದಿಯಲ್ಲಿ ಚೇಗು, ಎಂದರೆ ಒಳಗಿನ ಗಟ್ಟಿಮರ, ಎಷ್ಟಿದೆ, ಬಿಳಿಯ ಹೊರಭಾಗ ಎಷ್ಟಿದೆ ಎಂಬುದನ್ನು ನೋಡಿಯೇ ಬೆಲೆ ಕೂಗು. 1817ರಲ್ಲಿ ವಾಡಿಯಾ ಮನೆತನದವರು ಮುಂಬಯಿಯಲ್ಲಿ ಮಲಬಾರಿನ ಸಾಗುವಾನಿಯಿಂದ ಕಟ್ಟಿದ ಟ್ರಿಂಕೋಮಲಿ ನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿರುವುದು ಚೇಗಿನ ಬಲದಿಂದ. ಆದರೂ ಕಡಲಿನಲ್ಲಿ ಮರ ಕೊರೆಯುವ ಹುಳುವಿಗೆ ಸಾಗುವಾನಿಯೂ ಪೂರ್ತಿ ಹೊರತಲ್ಲ; ವರ್ಷಕ್ಕೊಮ್ಮೆ ಗೇರೆಣ್ಣೆ ಬಳಿಯುವುದನ್ನು ಬಿಡಬೇಡ. ಮರ ಸಾಗಿಸುವ ಪರವಾನಗಿಯನ್ನು ಮುಂಚಿತವಾಗಿಯೇ ಮಾಡಿಸಿಕೋ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರಮಾವ