ಎಷ್ಟು ಎಸೆದು ಎಷ್ಟು ಗಳಿಸಿದರು?

ಮಾನ್ಯ ಸಂಪಾದಕರೇ,

ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ವರದಿ ಸಾಮಾನ್ಯವಾಗಿ ‘ಇಂಥವರು 30 ಅಂಕ ಗಳಿಸಿ ಮಿಂಚಿದರು’ ಎಂಬಲ್ಲಿಗೆ ಮುಗಿದುಬಿಡುತ್ತದೆ. ಅದಕ್ಕೆ ಎಷ್ಟು ಶಾಟ್ (ಬುಟ್ಟಿಯತ್ತ ಎಸೆತ) ಹಿಡಿಯಿತು ಎಂಬುದು ಬರುವುದೇ ಇಲ್ಲ. 18 ಶಾಟ್‌ನಲ್ಲಿ ಬಂದ 30ಕ್ಕೂ 35 ಶಾಟ್‌ನಲ್ಲಿ ಬಂದ 30ಕ್ಕೂ ಅಜಗಜಾಂತರ.

ಅಮೆರಿಕದ ಪೀಟ್ ಮರಾವಿಚ್ ಅವರ ಲೆಕ್ಕವನ್ನೇ ನೋಡಿ. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪರ 1967ರಿಂದ 70ರವರೆಗೆ 83 ಪಂದ್ಯ, 3,667 ಅಂಕ, ಸರಾಸರಿ 44.2. ಮೊದಲ ವರ್ಷದವರು ಮುಖ್ಯ ತಂಡಕ್ಕೆ ಆಡುವಂತಿರಲಿಲ್ಲವಾದ್ದರಿಂದ ಇದು ಮೂರೇ ವರ್ಷದ ಗಳಿಕೆ. ಮೂರಂಕದ ಗೆರೆಯೂ (ಅದರಾಚೆಯಿಂದ ಹೊಡೆದು ಬಿದ್ದರೆ ಎರಡರ ಬದಲು ಮೂರು ಅಂಕ) ಆಗ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಐಯೊವಾ ವಿಶ್ವವಿದ್ಯಾಲಯದ ಆಟಗಾರ್ತಿ ಕೈಟ್ಲಿನ್ ಕ್ಲಾರ್ಕ್ ಈ ಮೊತ್ತ ದಾಟಿದಾಗ ಯಾರು ಮೇಲು ಎಂಬ ಜಗಳ ಎದ್ದಿತು. ಕ್ಲಾರ್ಕ್ ಅವರಿಗೆ ನಾಲ್ಕು ವರ್ಷವೂ ಇತ್ತು, ಮೂರಂಕದ ಗೆರೆಯೂ ಇತ್ತು. ಆ ಜಗಳ ನಮಗೆ ಬೇಡ. ನಾವು ನೋಡಬೇಕಾದ ಅಂಕಿ ಬೇರೆ: ಮರಾವಿಚ್ ಎಸೆದ ಶಾಟ್ 3,166, ಬಿದ್ದದ್ದು 1,387. ಅಂದರೆ 40 ನಿಮಿಷದ ಪಂದ್ಯಕ್ಕೆ 38 ಶಾಟ್, ಹೆಚ್ಚುಕಡಿಮೆ ನಿಮಿಷಕ್ಕೊಂದು, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ತಪ್ಪಿದ್ದು. ಉಳಿದ 893 ಅಂಕ ಫ್ರೀ ಥ್ರೋನಿಂದ (ಎದುರಾಳಿಯ ಫೌಲ್‌ಗೆ ಸಿಗುವ, ತಲಾ ಒಂದಂಕದ ಎಸೆತ). ಕೋಚ್ ಸ್ವತಃ ತಂದೆ ಪ್ರೆಸ್ ಮರಾವಿಚ್. ಇಡೀ ಆಟ ಮಗನ ಕೈಯಲ್ಲೇ ಇತ್ತು.

1970ರಲ್ಲಿ ವೃತ್ತಿಪರರಾಗಿ ಅಟ್ಲಾಂಟಾ ಹಾಕ್ಸ್ ಸೇರಿದರು. ಪಂದ್ಯ 48 ನಿಮಿಷಕ್ಕೆ ಹಿಗ್ಗಿದರೂ ಮೊದಲ ವರ್ಷದ ಸರಾಸರಿ 23.2ಕ್ಕೆ ಇಳಿಯಿತು. ಕೈಚಳಕವೇನೂ ಕುಂದಿರಲಿಲ್ಲ. ಎದುರಾಳಿಗಳು ಗಟ್ಟಿಯಾಗಿದ್ದರು, ತಂಡದಲ್ಲಿ ಲೂ ಹಡ್ಸನ್‌ರಂಥ ಪಳಗಿದವರೂ ಇದ್ದರು, ಶಾಟ್ ಹಂಚಿಹೋಯಿತು. ಆಟ ಮತ್ತೆ ಅವರ ಸುತ್ತಲೇ ಸುತ್ತಿದ್ದು ನ್ಯೂ ಆರ್ಲಿಯನ್ಸ್ ಜಾಝ್‌ನಲ್ಲಿ. 1976–77ರಲ್ಲಿ ಅಲ್ಲಿ 31.1ರ ಸರಾಸರಿಯೊಂದಿಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೇ ಮೊದಲಿಗರಾದರು. ನ್ಯೂಯಾರ್ಕ್ ನಿಕ್ಸ್ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 68 ಅಂಕ. ಮರುವರ್ಷ ಜನವರಿಯಲ್ಲಿ, ಗಾಳಿಯಲ್ಲಿದ್ದಾಗಲೇ ಕಾಲ ನಡುವಿನಿಂದ ಪಾಸ್ ಕೊಟ್ಟು ಇಳಿಯುವಾಗ ಮಂಡಿ ಹೋಯಿತು. 1980ರಲ್ಲಿ ನಿವೃತ್ತಿ. ನಮ್ಮ ಸಿಮೆಂಟ್ ಅಂಕಣದಲ್ಲಿ ಇಂಥ ಪಾಸ್‌ನ ಗೀಳು ಹತ್ತಿದ ಹುಡುಗರಿಗೆ ಮೊದಲು ಎರಡೂ ಕಾಲ ಮೇಲೆ, ಮಂಡಿ ಬಾಗಿಸಿ, ಮಂಡಿಗಳು ಒಳಕ್ಕೆ ವಾಲದಂತೆ ಇಳಿಯುವುದನ್ನು ಕಲಿಸಿ ಎಂದು ಮೈಸೂರು, ಮಂಡ್ಯದ ದೈಹಿಕ ಶಿಕ್ಷಕರಲ್ಲಿ ವಿನಂತಿ.

ಇನ್ನು ಲೆಕ್ಕದ ಮಾತು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಮಾದರಿಯ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಬಿದ್ದ ಅಂಕಕ್ಕಷ್ಟೇ ಜಾಗ. ತಪ್ಪಿದ ಶಾಟ್‌ಗೆ ಕಾಲಂ ಇಲ್ಲ. ಆದ್ದರಿಂದ ಬೇರೆಯೇ ಹಾಳೆ ಬೇಕು. ಕ್ವಾರ್ಟರ್‌ಗೆ ಒಂದರಂತೆ, ಪ್ರತಿ ತಂಡಕ್ಕೂ ಅರ್ಧ ಅಂಕಣದ ಚಿತ್ರ ಬರೆದಿಟ್ಟುಕೊಳ್ಳಿ. ಶಾಟ್ ಹೊಡೆದ ಜಾಗದಲ್ಲಿ ಜೆರ್ಸಿ ನಂಬರ್ ಬರೆದು, ಬಿದ್ದರೆ ಸುತ್ತ ಸೊನ್ನೆ, ತಪ್ಪಿದರೆ ಮೇಲೊಂದು ಅಡ್ಡಗೀಟು. ಒಬ್ಬರು ನೋಡಿ ಕೂಗಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಕೂತರೆ ತಲೆ ಬಗ್ಗಿಸಿ ಬರೆಯುವಷ್ಟರಲ್ಲಿ ರೀಬೌಂಡ್ (ತಪ್ಪಿ ಪುಟಿದು ಬಂದ ಚೆಂಡು) ಹಿಡಿದು ಮತ್ತೊಂದು ಶಾಟ್ ಹೋಗಿರುತ್ತದೆ.

ಹೊಸಬರು ಎಡವುವುದು ಫೌಲ್‌ನಲ್ಲಿ. ಶಾಟ್ ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದನ್ನು ಶಾಟ್ ಎಂದು ಎಣಿಸುವಂತಿಲ್ಲ, ಫ್ರೀ ಥ್ರೋ ಮಾತ್ರ ಲೆಕ್ಕ. ಫೌಲ್ ಆಗಿಯೂ ಬಿದ್ದರೆ ಶಾಟೂ ಲೆಕ್ಕ, ಜೊತೆಗಿನ ಫ್ರೀ ಥ್ರೋನೂ ಲೆಕ್ಕ. ಇದು ತಿಳಿಯದೆ ಬರೆದರೆ ಒಳನುಗ್ಗಿ ಆಡುವವರ ಶೇಕಡಾವಾರು ಸುಮ್ಮನೆ ಕುಸಿಯುತ್ತದೆ. ರಿಂಗ್ ಬಳಿ ಗುರಿಯಿಟ್ಟು ಬೆರಳಲ್ಲಿ ತಟ್ಟಿದ್ದೂ ಶಾಟೇ.

ಮೂರಂಕದ ಗೆರೆಯನ್ನೂ ಒಮ್ಮೆ ಟೇಪ್ ಹಿಡಿದು ನೋಡಿ. ಹಿಂದಿನ ಅಳತೆ 6.25 ಮೀಟರ್; ಈಗಿನದು 6.75, ಮೂಲೆಗಳಲ್ಲಿ 6.60. ಅಳೆಯಬೇಕಾದದ್ದು ಬೋರ್ಡಿನ ಕಂಬದಿಂದಲ್ಲ, ರಿಂಗ್‌ನ ನಡುಬಿಂದುವಿನ ನೇರ ಕೆಳಗೆ ನೆಲದ ಮೇಲೆ ಗುರುತು ಮಾಡಿ, ಅಲ್ಲಿಂದ ಗೆರೆಯ ಹೊರ ಅಂಚಿನವರೆಗೆ. ಗೆರೆ ತುಳಿದು ಹೊಡೆದರೆ ಎರಡೇ ಅಂಕ.

ಕಾಲೇಜುಗಳು ಈ ಹಾಳೆಯ ಮೊತ್ತವನ್ನು ವರದಿಯ ಜೊತೆ ಕಳಿಸಲಿ, ತಾವು ಹೆಸರಿನ ಮುಂದೆ ಹೀಗೆ ಅಚ್ಚು ಹಾಕಿದರೆ ಸಾಕು: 30 ಅಂಕ (ಶಾಟ್ 12/21, ಅದರಲ್ಲಿ ಮೂರಂಕದ್ದು 2/5, ಫ್ರೀ ಥ್ರೋ 4/6). ಹೆಚ್ಚೆಂದರೆ ಒಂದು ಸಾಲಿನ ಜಾಗ.

– ಬ್ಯಾಸ್ಕೆಟ್‌ಬಾಲ್ ತರಬೇತುದಾರರು, ಮೈಸೂರು ಮತ್ತು ಮಂಡ್ಯ