‘ಏನೂ ಆಗಲ್ಲ’ ಅನ್ನುವ ಸಾಲನ್ನು ಹೊಡೆಸಿಹಾಕಿದವರಿಗೆ

ಖಿನ್ನತೆಗೆ ಮೊದಲ ಸಲ ಮಾತ್ರೆ ಶುರುಮಾಡುವವರಿಗೆಂದು ನಾವು ಕೆಲವರು ಸೇರಿ ಬರೆದ ಎಂಟು ಪುಟದ ಕೈಪಿಡಿ ಈ ವಾರ ಎರಡನೇ ಸಲ ಅಚ್ಚಿಗೆ ಹೋಯಿತು. ಮೊದಲ ಮುದ್ರಣದ ಸಾಲುಗಳಲ್ಲಿ ಅರ್ಧವೂ ಉಳಿದಿಲ್ಲ. ಮಿಕ್ಕಿದ್ದನ್ನೆಲ್ಲ ಬದಲಾಯಿಸಿದವರು ಓದುಗರೇ. ಡಾಕ್ಟರ ಚೀಟಿ ಕೈಯಲ್ಲಿ ಹಿಡಿದು ಔಷಧಿ ಅಂಗಡಿಯ ಮುಂದೆ ಅನುಮಾನಿಸುತ್ತ ನಿಂತವರು, ಸ್ಟ್ರಿಪ್ಪು ತಂದು ಹದಿನೈದು ದಿನ ಬೀರುವಿನಲ್ಲೇ ಇಟ್ಟವರು, ಅವರ ಮನೆಯವರು. ಹೆಸರು ಹಾಕುವಂತಿಲ್ಲ, ಹಾಕುವುದೂ ಇಲ್ಲ. ಅವರು ಕೇಳಿದ ಒಂದೊಂದು ಪ್ರಶ್ನೆಗೂ ಸಾರ್ವಜನಿಕವಾಗಿ ಥ್ಯಾಂಕ್ಸ್ ಹೇಳೋಣ ಅನ್ನಿಸಿತು.

ಮೊಟ್ಟಮೊದಲಿಗೆ, ಪೆನ್ಸಿಲ್ ಹಿಡಿದವರಿಗೆ. ನಮ್ಮ ಮೊದಲ ಸಾಲು ‘ಹೆದರಬೇಡಿ, ಏನೂ ಆಗಲ್ಲ’ ಅಂತಿತ್ತು. ಅದರ ಪಕ್ಕದಲ್ಲಿ ಬರೆದು ಕಳಿಸಿದ್ದರು: ‘ಏನೂ ಆಗಲ್ಲ ಅಂತೀರಿ. ನಾಲ್ಕನೇ ದಿನ ಹೊಟ್ಟೆ ತೊಳಸಿದರೆ, ನಿಮ್ಮ ಮಿಕ್ಕ ಏಳು ಪುಟ ನಂಬಲಾ, ಬಿಡಲಾ?’ ಆ ಸಾಲು ಅಲ್ಲಿಗೇ ಮುಗಿಯಿತು. ಈಗ ಪುಸ್ತಕ ಶುರುವಾಗುವುದೇ ಏನು ಆಗುತ್ತದೆ, ಯಾವಾಗ, ಎಷ್ಟು ದಿನ ಅನ್ನುವುದರಿಂದ.

ಮೊದಲ ವಾರ ಹೊಟ್ಟೆ ತೊಳಸಬಹುದು, ಭೇದಿಯಾಗಬಹುದು, ತಲೆ ಭಾರವೆನಿಸಬಹುದು, ಬಾಯಿ ಒಣಗಬಹುದು, ನಿದ್ದೆ ಹಾಳಾಗಬಹುದು. ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಒಕ್ಸೆಟಿನ್ ಮೂರೂ ನರಗಳ ನಡುವೆ ಸುದ್ದಿ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವಂಥವು. ದೇಹದ ಸೆರೊಟೋನಿನ್‌ನಲ್ಲಿ ಬಹುಪಾಲು ಇರುವುದು ಕರುಳಿನಲ್ಲಿ, ಹಾಗಾಗಿ ಮೊದಲು ತಕರಾರು ತೆಗೆಯುವುದೂ ಹೊಟ್ಟೆಯೇ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಣ್ಣಗಾಗುತ್ತದೆ. ಇದಕ್ಕೇ ಡಾಕ್ಟರು ಕಡಿಮೆಯಿಂದ ಶುರುಮಾಡುವುದು: ಎಸ್ಸಿಟಾಲೊಪ್ರಾಮ್ ಆದರೆ 5 ಮಿಲಿಗ್ರಾಂ, ಅಂದರೆ 10ರ ಮಾತ್ರೆಯಲ್ಲಿ ಅರ್ಧ, ಆಮೇಲೆ 10, ಸರ್ಟ್ರಾಲಿನ್ ಆದರೆ 25, ಆಮೇಲೆ 50. ನಡುವೆ ಗೀಟಿರುವ ಮಾತ್ರೆಯನ್ನು ಮಾತ್ರ ಮುರಿಯಿರಿ. ಫ್ಲುಒಕ್ಸೆಟಿನ್ ಹೆಚ್ಚಾಗಿ ಕ್ಯಾಪ್ಸೂಲ್ ಆಗಿ ಸಿಗುತ್ತದೆ, ಅದನ್ನು ಬಿಚ್ಚಿ ಪುಡಿ ಅರ್ಧ ಮಾಡುವ ಸಾಹಸ ಬೇಡ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ನಿದ್ದೆ ಕೆಟ್ಟರೆ ಬೆಳಗಿನ ತಿಂಡಿಯ ನಂತರ, ತೂಕಡಿಕೆ ಬಂದರೆ ರಾತ್ರಿ. ಹೊತ್ತು ಬದಲಿಸುವ ಮುನ್ನ ಡಾಕ್ಟರಿಗೆ ಒಂದು ಫೋನ್ ಮಾಡಿದರೆ ಸಾಕು.

ಇದರಲ್ಲೊಂದು ತಮಾಷೆಯಲ್ಲದ ತಮಾಷೆಯಿದೆ. ಎದೆ ಡವಡವ ಅನ್ನುತ್ತದೆ, ಗಾಬರಿಯಾಗುತ್ತದೆ ಎಂದು ಬಂದವರಿಗೆ ಮೊದಲ ಕೆಲವು ದಿನ ಅದೇ ಗಾಬರಿ ಸ್ವಲ್ಪ ಜಾಸ್ತಿಯಾಗಬಹುದು. ಗುಣ ಕಾಣಿಸುವುದು ಮಾತ್ರ ತಡ. ಎರಡು ವಾರದ ಹೊತ್ತಿಗೆ ನಿದ್ದೆ, ಹಸಿವು ಕೊಂಚ ಸರಿಹೋಗಬಹುದು. ಮನಸ್ಸು ಹಗುರಾಗಲು ನಾಲ್ಕರಿಂದ ಆರು ವಾರ ಬೇಕಾದೀತು. ಕಿರಿಕಿರಿ ಈ ದಿನವೇ, ಲಾಭ ಮುಂದಿನ ತಿಂಗಳು. ಮಾತ್ರೆ ಬಿಡುವವರು ಎಷ್ಟೋ ಜನ ಬಿಡುವುದು ಈ ಸಂದಿಯಲ್ಲೇ.

‘ಈ ಮಾತ್ರೆ ಹೀಟಾ? ಪಥ್ಯ ಏನು?’ ಎಂದು ಕೇಳಿದ ಅಜ್ಜಿಯರಿಗೆ ಎರಡನೇ ಥ್ಯಾಂಕ್ಸ್. ಹಳೇ ಕರಡಿನಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ನಾವು ಅದನ್ನು ಮೂಢನಂಬಿಕೆ ಅಂದುಕೊಂಡಿದ್ದೆವು. ಅದು ನಮ್ಮ ದಡ್ಡತನ. ಈ ಮಾತ್ರೆಗಳಿಂದ ಕೆಲವರಿಗೆ ಬೆವರು ಹೆಚ್ಚುವುದು, ಬಾಯಿ ಒಣಗುವುದು ನಿಜ. ಅದನ್ನು ಮನೆಯಲ್ಲಿ ‘ಹೀಟು’ ಅನ್ನುತ್ತಾರೆ, ಹೀಟಿಗೆ ನೀರು ಕುಡಿಸುತ್ತಾರೆ. ಅಪಾಯ ಇರುವುದು ಅಲ್ಲಿ. ವಯಸ್ಸಾದವರಿಗೆ ಈ ಮಾತ್ರೆಗಳು ರಕ್ತದ ಸೋಡಿಯಂ ಇಳಿಸಬಹುದು. ಅವರು ಆಗಲೇ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್ ಸೇರಿದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ಬೇಗ. ಮೇಲಿಂದ ಬಿಪಿ ಅಂತ ಉಪ್ಪು ಕಡಿಮೆ, ಹೀಟು ಅಂತ ಚೊಂಬುಗಟ್ಟಲೆ ನೀರು. ವಾರ ಕಳೆದ ಮೇಲೆ ಅಜ್ಜ ತಡವರಿಸುತ್ತಾರೆ, ಬಚ್ಚಲಿಗೆ ಹೋಗುವಾಗ ಬೀಳುತ್ತಾರೆ, ಮೊಮ್ಮಗನ ಹೆಸರು ತಪ್ಪುತ್ತದೆ. ಮನೆಯವರು ‘ಮಾತ್ರೆಯಿಂದ ತಲೆ ಕೆಟ್ಟಿತು’ ಅನ್ನುತ್ತಾರೆ. ಕೆಟ್ಟಿರುವುದು ಸೋಡಿಯಂ; ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಅರವತ್ತು ದಾಟಿದವರಿಗೆ ಶುರುವಿಗೆ ಮುಂಚೆ ಒಮ್ಮೆ, ಎರಡು ವಾರದ ಹೊತ್ತಿಗೆ ಇನ್ನೊಮ್ಮೆ ಸೋಡಿಯಂ ನೋಡಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಬಾಯಾರಿಕೆಯಾದಷ್ಟು ನೀರು ಸಾಕು. ಒಂದು ಲೋಟ ಮಜ್ಜಿಗೆಗೆ ಯಾರದೂ ಅಡ್ಡಿಯಿಲ್ಲ.

ಪಥ್ಯ? ಬದನೆಕಾಯಿ, ಮೀನು, ಕಾಫಿ, ಮೊಸರು ಯಾವುದನ್ನೂ ಬಿಡಬೇಕಾಗಿಲ್ಲ. ಬಿಡಬೇಕಾದದ್ದು ಹೆಂಡ. ಏಕಾದಶಿಯೋ ರಂಜಾನೋ ಆದರೆ, ದಿನಕ್ಕೊಂದೇ ಮಾತ್ರೆಯಾದ್ದರಿಂದ ಹೊತ್ತು ಸರಿಸಿಕೊಳ್ಳಬಹುದು, ತಪ್ಪಿಸುವಂತಿಲ್ಲ. ಉಪವಾಸಕ್ಕಿಂತ ತಲೆಕೆಡಿಸಿಕೊಳ್ಳಬೇಕಾದದ್ದು ಮಂಡಿನೋವಿನ ಮಾತ್ರೆಯ ಬಗ್ಗೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತ ಒಸರುವ ಸಾಧ್ಯತೆ ಹೆಚ್ಚು. ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಇದೆಯಲ್ಲ. ಟ್ರಮಡಾಲ್ ಎಂಬ ನೋವಿನ ಔಷಧಿ, ಡೆಕ್ಸ್‌ಟ್ರೋಮೆಥಾರ್ಫನ್ ಇರುವ ಕೆಮ್ಮಿನ ಸಿರಪ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇವು ಜೊತೆಯಾದರೆ ಸೆರೊಟೋನಿನ್ ಮಿತಿಮೀರಬಹುದು: ನಡುಕ, ಜ್ವರ, ಭೇದಿ, ಬೆವರು, ಒಂದೆಡೆ ನಿಲ್ಲಲಾಗದ ಚಡಪಡಿಕೆ. ಹಾಗಾದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದದ್ದೂ ಸೇರಿ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪು, ಡಬ್ಬಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಅದಕ್ಕಿಂತ ಒಳ್ಳೆಯ ವಿವರಣೆ ಇಲ್ಲ.

‘ಅಭ್ಯಾಸ ಆಗ್ಬಿಡುತ್ತೆ’ ಅನ್ನುವ ಹೆದರಿಕೆಗೆ ನಾವು ಕೊಟ್ಟಿದ್ದ ಉತ್ತರ ಒಂದೇ ಪದ: ಇಲ್ಲ. ಅದನ್ನು ತಿದ್ದಿಸಿದವರು ಔಷಧಿ ಅಂಗಡಿಯ ಕೌಂಟರಿನ ಆಚೆ ನಿಲ್ಲುವವರು. ಅವರಿಗೆ ಮೂರನೇ ಥ್ಯಾಂಕ್ಸ್, ಸ್ವಲ್ಪ ದೊಡ್ಡದಾಗಿಯೇ. ನಮ್ಮಲ್ಲಿ ಧಾರಾಳವಾಗಿ ಬರೆಯುವ ಒಂದು ಜೋಡಿ ಮಾತ್ರೆಯಿದೆ: ಎಸ್ಸಿಟಾಲೊಪ್ರಾಮ್ 10, ಕ್ಲೊನಾಜೆಪಾಮ್ 0.5, ಎರಡೂ ಒಂದರಲ್ಲೇ. ಮೊದಲನೆಯದು ವಾರಗಟ್ಟಲೆ ಕಾಯಿಸುವ ಖಿನ್ನತೆಯ ಔಷಧಿ. ಅದಕ್ಕಾಗಿ ಮನಸ್ಸು ಹಾತೊರೆಯುವುದಿಲ್ಲ, ದಿನದಿನಕ್ಕೂ ಹೆಚ್ಚು ಬೇಕೆನಿಸುವುದಿಲ್ಲ. ಎರಡನೆಯದು ಅದೇ ರಾತ್ರಿ ನೆಮ್ಮದಿ ಕೊಡುತ್ತದೆ, ತಿಂಗಳುಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಮೊದಲ ಎರಡು ನಾಲ್ಕು ವಾರದ ಗಾಬರಿ ದಾಟಲು ಊರುಗೋಲಾಗಿ ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಎರಡೂ ಒಂದೇ ಮಾತ್ರೆಯಲ್ಲಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ಇಳಿಸಲಾಗದು, ಏರಿಸಿದರೆ ಎರಡೂ ಏರುತ್ತವೆ. ಬೇರೆ ಬೇರೆ ಬರೆಸಿಕೊಳ್ಳುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ಹೆಸರು ಓದಿ. ಕೇಳಬೇಕಾದದ್ದು ಇಷ್ಟು: ‘ಇದರಲ್ಲಿ ಕ್ಲೊನಾಜೆಪಾಮ್ ಇದೆಯಾ? ಎಷ್ಟು ವಾರಕ್ಕೆ? ಹೇಗೆ ಇಳಿಸ್ತೀರಿ?’ ಈಗಾಗಲೇ ತಿಂಗಳುಗಳಿಂದ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬೇಡಿ. ಕ್ಲೊನಾಜೆಪಾಮ್ ಥಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು.

ಖಿನ್ನತೆಯ ಮಾತ್ರೆಯನ್ನೂ ದಿಢೀರನೆ ಬಿಟ್ಟರೆ ಸುಮ್ಮನಿರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಸ್ಟ್ರಿಪ್ಪು ಮರೆತು ಬಂದವರನ್ನು ಕೇಳಿ: ಮೂರನೇ ದಿನ ತಲೆಸುತ್ತು, ಸಿಡಿಮಿಡಿ, ಕತ್ತು ತಿರುಗಿಸಿದರೆ ತಲೆಯೊಳಗೆ ಸಣ್ಣ ಕರೆಂಟು ಹೊಡೆದಂತೆ. ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್ ದೇಹದಿಂದ ಬೇಗ ಹೊರಹೋಗುವುದರಿಂದ ಅವುಗಳಲ್ಲಿ ಇದು ಜೋರು. ಫ್ಲುಒಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಅದರಲ್ಲಿ ಕಡಿಮೆ. ಇದು ಚಟವಲ್ಲ, ಆದರೆ ಏನೂ ಅಲ್ಲ ಎಂದೂ ಹೇಳುವಂತಿಲ್ಲ. ಐದು ದಿನದ ಮಾತ್ರೆ ಯಾವಾಗಲೂ ಮಿಕ್ಕಿರಲಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮಾರನೇ ದಿನ ಎರಡು ನುಂಗಬೇಡಿ. ಮನಸ್ಸು ಸರಿಯಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ರೂಢಿ. ಎರಡನೇ, ಮೂರನೇ ಸಲ ಬಂದ ಖಿನ್ನತೆಯಾದರೆ ಇನ್ನೂ ಹೆಚ್ಚು ಕಾಲ. ಬಿಡುವಾಗ ಮೆಟ್ಟಿಲು ಇಳಿದಂತೆ, ವಾರಗಳ ಅಥವಾ ತಿಂಗಳುಗಳ ಲೆಕ್ಕದಲ್ಲಿ.

ಸಹಿ ಇಲ್ಲದ ಚೀಟಿಗಳಲ್ಲಿ ಅತಿ ಹೆಚ್ಚು ಬಂದ ಪ್ರಶ್ನೆಯನ್ನು ಈ ಸಲ ಐದನೇ ಪುಟದಲ್ಲಿ ದಪ್ಪಕ್ಷರದಲ್ಲೇ ಹಾಕಿದ್ದೇವೆ. ಹೌದು, ಲೈಂಗಿಕ ಆಸಕ್ತಿ ಕುಗ್ಗಬಹುದು, ಗಂಡಸರಿಗೂ ಹೆಂಗಸರಿಗೂ ತೃಪ್ತಿ ತಡವಾಗಬಹುದು ಅಥವಾ ಬಾರದಿರಬಹುದು. (ಡಾಪೊಕ್ಸೆಟಿನ್ ಎಂಬ ಇದೇ ಗುಂಪಿನ ಔಷಧಿಯನ್ನು ಶೀಘ್ರಸ್ಖಲನಕ್ಕೆ ಕೊಡುವುದು ಈ ಗುಣದಿಂದಲೇ.) ಹೊಟ್ಟೆ ತೊಳಸುವಂತೆ ಇದು ಎರಡು ವಾರದಲ್ಲಿ ತಾನಾಗಿ ಹೋಗುವುದು ಕಡಿಮೆ. ಅಪರೂಪಕ್ಕೆ ಮಾತ್ರೆ ನಿಲ್ಲಿಸಿದ ಮೇಲೂ ಉಳಿದದ್ದುಂಟು. ಪ್ರಮಾಣ ಇಳಿಸುವುದು, ಬುಪ್ರೊಪಿಯಾನ್ ಅಥವಾ ಮಿರ್ಟಾಜಪಿನ್ ಎಂಬ ಬೇರೆ ಬಗೆಯ ಖಿನ್ನತೆಯ ಮಾತ್ರೆಗೆ ಬದಲಿಸುವುದು, ದಾರಿಗಳಿವೆ. ಹೊರಗೆ ಐವತ್ತು ಜನ ಕ್ಯೂ ನಿಂತಿರುವಾಗ ಡಾಕ್ಟರು ಇದನ್ನು ತಾವಾಗಿ ಕೇಳುವುದಿಲ್ಲ, ನಾವೂ ನಾಚಿಕೆಪಟ್ಟು ಹೇಳುವುದಿಲ್ಲ. ಬಾಯಿ ಬಾರದಿದ್ದರೆ ಚೀಟಿಯ ಹಿಂದೆ ಬರೆದು ತೋರಿಸಿ. ‘ಅಳಬೇಕಾದ ಕಡೆ ಅಳುವೂ ಬರುತ್ತಿಲ್ಲ’ ಅನ್ನಿಸಿದರೂ ಹಾಗೆಯೇ ಹೇಳಿ. ಪ್ರಮಾಣ ಕಡಿಮೆ ಮಾಡಿದರೆ ಎಷ್ಟೋ ಸಲ ಅದು ಸರಿಹೋಗುತ್ತದೆ.

ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಂದಿರಿಗೆ ಥ್ಯಾಂಕ್ಸ್ ಹೇಳುವ ಮುನ್ನ ಕ್ಷಮೆಯನ್ನೂ ಕೇಳಬೇಕು. ಹೆದರುತ್ತಾರೆಂದು ಒಂದು ವಿಷಯ ಬಿಟ್ಟಿದ್ದೆವು. ಮಕ್ಕಳು, ಹದಿಹರೆಯದವರಲ್ಲಿ ಈ ಔಷಧಿಗಳ ಮೊದಲ ದಿನಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಇದರರ್ಥ ಕೊಡಬಾರದೆಂದಲ್ಲ, ಖಿನ್ನತೆಯನ್ನು ಹಾಗೇ ಬಿಡುವುದೂ ಅಪಾಯವೇ. ಶುರುಮಾಡಿದ ಮೊದಲ ವಾರಗಳಲ್ಲಿ, ಪ್ರಮಾಣ ಬದಲಿಸಿದಾಗ ಮನೆಯವರ ಕಣ್ಣಿರಲಿ ಎಂದು. ಕೂತಲ್ಲಿ ಕೂರಲಾಗದ ಚಡಪಡಿಕೆ, ಹೊಸದಾಗಿ ಬಂದ ಸಿಟ್ಟು, ಬದುಕಿ ಏನು ಪ್ರಯೋಜನ ಅನ್ನುವ ಮಾತು ಕಂಡರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಸ್ಟ್ರಿಪ್ಪು ಮನೆಯ ಹಿರಿಯರೊಬ್ಬರ ಬಳಿ ಇರಲಿ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ದುಡ್ಡಿಲ್ಲ. ಅದು 10 ಅಕ್ಟೋಬರ್ 2022ರಂದು ಶುರುವಾಯಿತು. ಇದರ ತಿರುವುಮುರುವೂ ಒಂದಿದೆ: ನಿದ್ದೆಯಿಲ್ಲದಿದ್ದರೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ, ದುಡ್ಡು ನೀರಿನಂತೆ ಖರ್ಚು. ಅದು ಗುಣವಾದದ್ದಲ್ಲ, ಮನಸ್ಸು ಖಿನ್ನತೆಗೂ ಅತಿ ಉತ್ಸಾಹಕ್ಕೂ ಹೊರಳಾಡುವ ಬೈಪೋಲಾರ್ ಕಾಯಿಲೆ ಇರಬಹುದು, ಕೂಡಲೇ ತೋರಿಸಬೇಕು. ಮನೆತನದಲ್ಲಿ ಯಾರಿಗಾದರೂ ಹಾಗಿದ್ದರೆ ಮಾತ್ರೆ ಬರೆಯುವ ಮುಂಚೆಯೇ ಹೇಳಿ.

ಬಸುರಿ, ಬಾಣಂತಿಯರು ಕೇಳಿದ್ದಕ್ಕೆ ಉತ್ತರ ಚಿಕ್ಕದು: ಗಾಬರಿಯಲ್ಲಿ ತಾವಾಗಿ ನಿಲ್ಲಿಸಬಾರದು. ಎದೆಹಾಲಿಗೆ ಬಹಳ ಕಡಿಮೆ ಸೇರುವವುಗಳಲ್ಲಿ ಸರ್ಟ್ರಾಲಿನ್ ಒಂದು. ‘ಆಫೀಸಿಗೆ ಗೊತ್ತಾಗುತ್ತಾ?’ ಅನ್ನುವವರಿಗೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು. ದೂರದ ಊರಿನವರಿಗೆ: ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ಕೇಳಿಟ್ಟುಕೊಳ್ಳಿ. ಊರ ಹತ್ತಿರವೇ ಈ ಚಿಕಿತ್ಸೆ ಸಿಗಬೇಕೆಂಬ ಯೋಚನೆಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿದ್ದು, 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅಂದು ಅಲ್ಲಿ ದುಡಿದವರಿಗೂ ಒಂದು ನಮಸ್ಕಾರ ಸಲ್ಲಬೇಕು.

ಕೊನೆಯ ಪುಟದ ಯಶಸ್ಸು ನಮ್ಮದಲ್ಲವೇ ಅಲ್ಲ. ಒಬ್ಬರು ಗೋಡೆ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ಕಳಿಸಿದ್ದರು. ತಿಥಿ, ರಾಹುಕಾಲದ ಕೆಳಗೆ ಸಿಕ್ಕ ಅಂಗುಲ ಜಾಗದಲ್ಲಿ ದಿನಾ ಮೂರು ಗುರುತು: ‘ನಿ 4, ಊ ಅರ್ಧ, ಮಾ ಹೌದು’. ನಿದ್ದೆ ನಾಲ್ಕು ಗಂಟೆ, ಊಟ ಅರ್ಧ, ಮಾತ್ರೆ ತೆಗೆದುಕೊಂಡಾಯಿತು. ಒಂಬತ್ತನೇ ದಿನ ‘ನಿ 3, ಬಿಡಲಾ?’ ಎಂದಿದೆ. ಹದಿನೇಳಕ್ಕೆ ‘ನಿ 5’. ಇಪ್ಪತ್ತಮೂರಕ್ಕೆ ‘ಊ ಪೂರ್ತಿ, ಸಾರು ಎರಡು ಸಲ’. ಮನಸ್ಸಿನ ಬಗ್ಗೆ ಹಾಳೆಯಲ್ಲಿ ಒಂದಕ್ಷರವಿಲ್ಲ, ಆದರೂ ಎರಡನೇ ಭೇಟಿಯಲ್ಲಿ ಡಾಕ್ಟರಿಗೆ ಬೇಕಾದದ್ದೆಲ್ಲ ಅದರಲ್ಲಿದೆ. ಅದನ್ನೇ ಆರು ವಾರದ ನಲವತ್ತೆರಡು ಚೌಕ ಮಾಡಿ ಅಚ್ಚು ಹಾಕಿದ್ದೇವೆ, ಹದಿನೈದನೇ ಚೌಕಕ್ಕೆ ಮಾತ್ರ ದಪ್ಪ ಗೆರೆ, ಅಷ್ಟರೊಳಗೆ ಒಮ್ಮೆ ಡಾಕ್ಟರನ್ನು ಕಾಣಲಿ ಎಂದು. ಚೌಕಗಳು ಚಿಕ್ಕದಾದವು, ಕನ್ನಡಕ ಹಾಕಿದರೂ ಬರೆಯಲಾಗದು ಎಂದು ಗದರಿದವರಿಗೂ ಥ್ಯಾಂಕ್ಸ್. ಅದಕ್ಕೆಂದೇ ಈ ಸಲ ಆ ಪುಟವನ್ನು ಅಡ್ಡ ತಿರುಗಿಸಿದ್ದೇವೆ.