ಮನೆ ನೋಡದೆ ಇನ್ನು ರೇಟ್ ಹೇಳುವುದಿಲ್ಲ

ಮಾನ್ಯ ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ, ಸೋಲಾರ್ ವಾಟರ್ ಹೀಟರ್ ಆಗಲಿ ಕರೆಂಟ್ ಕೊಡುವ ತಾರಸಿ ಪ್ಯಾನೆಲ್ ಆಗಲಿ, ಫೋನಿನಲ್ಲಿ ರೇಟ್ ಹೇಳುವುದನ್ನು ನಿಲ್ಲಿಸುತ್ತಿದ್ದೇವೆ. ಮೊದಲು ಮನೆಗೆ ಬಂದು ಒಂದು ವರ್ಷದ ಕರೆಂಟ್ ಬಿಲ್, ತಾರಸಿ, ನೀರು ಮೂರನ್ನೂ ನೋಡುತ್ತೇವೆ. ಅದಕ್ಕೆ 400 ರೂಪಾಯಿ. ಕೆಲಸ ನಮಗೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇವೆ. ವರ್ಷದ ಸರ್ವಿಸ್ 600ರಿಂದ 950 ಆಗಲಿದೆ.

‘ನೋಡೋಕೂ ದುಡ್ಡಾ?’ ಎಂದು ಹಲವರು ಆಗಲೇ ಕೇಳಿದ್ದೀರಿ. ಬೇಸರವಾಗಿದ್ದರೆ ಕ್ಷಮಿಸಿ. ಮನೆ ನೋಡುವುದೇಕೆಂದು ಮುಂದೆ ಹೇಳುತ್ತೇವೆ. ಮೊದಲು ಸರ್ವಿಸ್ ರೇಟಿನ ಮಾತು: ಸರ್ವಿಸ್ ಎಂದರೆ ಗಾಜು ಒರೆಸಿ ಬರುವುದಲ್ಲ. 200 ಲೀಟರಿನ ಗಾಜಿನ ಟ್ಯೂಬ್ ಹೀಟರಿಗೆ ಬಿಸಿಲೇರುವ ಮುಂಚೆಯೇ ಕೈ ಹಾಕಬೇಕು. ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಸಿಡಿಯುತ್ತದೆ. ಟ್ಯಾಂಕ್ ಖಾಲಿ ಮಾಡಿ, ಇಪ್ಪತ್ತು ಟ್ಯೂಬನ್ನೂ ಒಂದೊಂದಾಗಿ ಎಳೆದು, ತಳದ ಸುಣ್ಣದ ಕೆಸರು ಚೆಲ್ಲಿ, ಬಿಸಿಲಿಗೆ ಗಟ್ಟಿಯಾದ ಸಿಲಿಕಾನ್ ರಿಂಗು ಬದಲಿಸಿ, ಟ್ಯಾಂಕಿನೊಳಗೆ ಕರೆಂಟಿನಲ್ಲಿ ನೀರು ಕಾಯಿಸುವ ಕಾಯಿಲ್ ಮೇಲಿನ ಬಿಳಿ ಪೊರೆಯನ್ನು ಸಿಟ್ರಿಕ್ ಆಸಿಡ್‌ನಲ್ಲಿ ಕರಗಿಸಬೇಕು. ಇಬ್ಬರಿಗೆ ಅರ್ಧ ದಿನದ ಕೆಲಸ. ಬಾತ್‌ರೂಮ್ ಆಸಿಡ್ ಸುರಿದು ಅರ್ಧ ಗಂಟೆಯಲ್ಲಿ ಮುಗಿಸಿ ಕಡಿಮೆ ದುಡ್ಡು ತೆಗೆದುಕೊಳ್ಳುವವರಿದ್ದಾರೆ. ಆ ಆಸಿಡ್ ಸ್ಟೀಲ್ ಟ್ಯಾಂಕನ್ನೇ ತೂತು ಮಾಡುತ್ತದೆ. ನಮ್ಮ ಹುಡುಗರ ಕೈಯಲ್ಲಿ ಆ ಕೆಲಸ ಮಾಡಿಸುವುದಿಲ್ಲ.

ಇನ್ನು, ವರ್ಷಗಳಿಂದ ಕೇಳುತ್ತಿರುವ ದೂರು: ‘ಸೋಲಾರ್ ಹಾಕಿಸಿದರೂ ಕರೆಂಟ್ ಬಿಲ್ ಇಳಿದಿಲ್ಲ.’

ಹೆಚ್ಚಿನ ಮನೆಗಳಲ್ಲಿ ಕಾರಣ ಟ್ಯಾಂಕಿನೊಳಗಿನ 2 ಕಿಲೋವ್ಯಾಟ್ ಕಾಯಿಲ್. ಮೋಡದ ದಿನಕ್ಕೆಂದು ಕೊಟ್ಟದ್ದು, ಮಳೆಗಾಲದಲ್ಲಿ ಹಾಕಿದ ಸ್ವಿಚ್ಚು ಸಂಕ್ರಾಂತಿ ಕಳೆದರೂ ಆರಿಸಿರುವುದಿಲ್ಲ. ಸಂಜೆ ಬಳಸಿದಷ್ಟು ತಣ್ಣೀರು ಟ್ಯಾಂಕಿಗೆ ಇಳಿಯುತ್ತದೆ, ರಾತ್ರಿ ಕಾಯಿಲ್ ಅದನ್ನು ಕಾಯಿಸುತ್ತದೆ, ಬೆಳಗ್ಗೆ ಬಿಸಿಲಿಗೆ ಕಾಯಿಸಲು ಏನೂ ಉಳಿದಿರುವುದಿಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಬೇಕು, ತಿಂಗಳಿಗೆ 120. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ ಎಂಬುದು ಗೊತ್ತಲ್ಲ, ಎಷ್ಟೋ ಮನೆಗಳನ್ನು ಆ ಗೆರೆ ದಾಟಿಸುವುದು ಈ ಒಂದು ಸ್ವಿಚ್ಚು. ಇವತ್ತು ರಾತ್ರಿಯೇ ನೋಡಿ: ಫ್ರಿಜ್ ಸೇರಿ ಮನೆಯ ಎಲ್ಲವನ್ನೂ ಆರಿಸಿ, ಸೋಲಾರ್ ಕಾಯಿಲಿನ ಸ್ವಿಚ್ಚನ್ನು (ಎಂಸಿಬಿ) ಮಾತ್ರ ಇದ್ದಂತೆಯೇ ಬಿಟ್ಟು, ಮೀಟರಿನ ಕೆಂಪು ದೀಪದ ಮುಂದೆ ನಿಲ್ಲಿ. ಅದು ಪಟಪಟ ಮಿಟುಕುತ್ತಿದ್ದರೆ ಕಾಯಿಲ್ ಓಡುತ್ತಿದೆ.

ಎರಡನೆಯದು ಪೈಪು. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಲ್ಲುತ್ತದೆ. ತಾರಸಿಯಿಂದ ಕೆಳಮನೆಯ ಬಚ್ಚಲಿಗೆ 20 ಮೀಟರ್ ಇದ್ದರೆ ಬಿಸಿನೀರು ಬರುವ ಮುಂಚೆ 5 ಲೀಟರ್ ತಣ್ಣೀರು ಹೋಗಬೇಕು. ಅಷ್ಟು ಕಾಯದೆ ‘ಸೋಲಾರ್ ಕೆಟ್ಟಿದೆ’ ಎಂದು ಗೀಸರ್ ಹಾಕುತ್ತಾರೆ. ಇಲ್ಲಿ ತಪ್ಪು ನಮ್ಮದೂ ಇದೆ. ಫೋನಿನಲ್ಲಿ ಅಳತೆ ಕೇಳಿ ರೇಟ್ ಹೇಳಿದ ಕೆಲವು ಮನೆಗಳಲ್ಲಿ ಟ್ಯಾಂಕನ್ನು ಬಚ್ಚಲಿನ ನೇರಕ್ಕೆ ಇಡದೆ ತಾರಸಿಯ ಇನ್ನೊಂದು ಮೂಲೆಯಲ್ಲಿ ಕೂರಿಸಿದ್ದೇವೆ, ಪೈಪಿಗೆ ಫೋಮ್ ಸುತ್ತಿಲ್ಲ. ಮನೆ ನೋಡಿಯೇ ರೇಟ್ ಹೇಳುತ್ತೇವೆ ಎನ್ನುವುದು ಇದಕ್ಕೇ.

ನೀರು ನೋಡುವುದಕ್ಕೂ ಕಾರಣವಿದೆ. ಕಾವೇರಿ, ಕಬಿನಿ ನೀರು ಬರುವ ಮನೆಗೆ ಗಾಜಿನ ಟ್ಯೂಬ್ ಆದರೂ ಸರಿ, ತಾಮ್ರದ ಪ್ಯಾನೆಲ್ ಆದರೂ ಸರಿ. ಬರೀ ಬೋರ್ ನೀರಾದರೆ ತಾಮ್ರದ ಸಣ್ಣ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ.

ಕರೆಂಟಿನ ಪ್ಯಾನೆಲ್ ಬೇಕೆನ್ನುವವರಿಗೆ ಒಂದು ಮಾತು. ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇದೆ, ನಿಜ. ಆದರೂ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೆ ನಾವಾಗಿ ಪ್ಯಾನೆಲ್ ಮಾರುವುದಿಲ್ಲ. ಬಿಲ್ ಬರುವವರು ಮೊದಲು ಕಾಯಿಲ್, ಪೈಪು ಸರಿಮಾಡಿಸಿ. ಆಮೇಲೆ ಹೆಚ್ಚು ತಿರುಗುವ ಫ್ಯಾನ್ ಬದಲಿಸಿ: 75 ವ್ಯಾಟಿನ ಜಾಗಕ್ಕೆ ಕಡಿಮೆ ಕರೆಂಟ್ ತಿನ್ನುವ 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 12 ಗಂಟೆಯಂತೆ, ಒಂದೊಂದು ಫ್ಯಾನಿಗೆ ತಿಂಗಳಿಗೆ ಸುಮಾರು 17 ಯೂನಿಟ್ ಉಳಿಯುತ್ತದೆ. ಪ್ಯಾನೆಲ್ ಎಷ್ಟು ಬೇಕೆಂದು ಆಮೇಲೆ ಲೆಕ್ಕ ಹಾಕೋಣ. ಆಗ ಚಿಕ್ಕದೇ ಸಾಕಾಗಬಹುದು.

ನಮ್ಮಿಂದ ಈಗಾಗಲೇ ಹೀಟರ್ ಹಾಕಿಸಿಕೊಂಡು ಬಿಲ್ ಇಳಿಯದೆ ಬೇಸತ್ತವರಿಗೆ ಈ 400 ಅನ್ವಯಿಸುವುದಿಲ್ಲ. ಅಂಗಡಿಗೆ ಬಂದು ಹೆಸರು ಬರೆಸಿ. ಫೋಮ್ ಇಲ್ಲದ ಪೈಪಿಗೆ ನಮ್ಮ ಖರ್ಚಿನಲ್ಲೇ ಸುತ್ತಿಕೊಡುತ್ತೇವೆ. ನಾವು ಬರುವ ದಿನ ತಾರಸಿಯ ಬೀಗದ ಕೈ, ಹಳೇ ಬಿಲ್ಲುಗಳು ಕೈಗೆ ಸಿಗುವಂತಿರಲಿ.

ಇಂತಿ ನಿಮ್ಮ,
ಅಂಗಡಿಯ ಎಲ್ಲರ ಪರವಾಗಿ
ಮೈಸೂರು